ದೇವರ ಪುಸ್ತಕಕ್ಕೆ ತೂಕದ ಸಾಹೇಬರ ತಪಾಸಣೆ

ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರರನ್ನು ಮದುವೆಯಾದ ಹೆಂಗಸಿಗೆ ಇರುವ ಕಷ್ಟ ಬೇರೆಯವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣ ಆ ಮನೆಯಲ್ಲಿ ನೇರವಾಗಿ ಡಬ್ಬಿಗೆ ಹೋಗುವಂತಿರಲಿಲ್ಲ. ಮೊದಲು ಊಟದ ಮೇಜಿನ ಮೂಲೆಯಲ್ಲಿದ್ದ ತಕ್ಕಡಿಗೆ ಹೋಗಬೇಕಿತ್ತು. ನೂರು ಗ್ರಾಂ ಎಂದು ಅಚ್ಚು ಹಾಕಿದ್ದು ತೊಂಬತ್ತಾರು ಬಂದರೆ ಯಜಮಾನರ ಮುಖ ಅರಳುತ್ತಿತ್ತು. ನೂರಾ ಎರಡು ಬಂದರೆ ಅವತ್ತೆಲ್ಲ ಒಂದು ಬಗೆಯ ಮಂಕು. ಬಿಸ್ಕತ್ತು ರುಚಿಯಾಗಿತ್ತೇ ಎಂದು ಯಾರಾದರೂ ಕೇಳಿದರೆ ಮಾತ್ರ ಅವರ ಹತ್ತಿರ ಉತ್ತರವಿರಲಿಲ್ಲ.

ಬೀದಿಯವರೆಲ್ಲ ಅವರನ್ನು ತೂಕದ ಸಾಹೇಬರು ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತನಾಲ್ಕು. ಆಳು ತೆಳ್ಳಗೆ, ಅರವತ್ತೊಂದು ಕಿಲೋ ಆರುನೂರು ಗ್ರಾಂ. ಇದನ್ನು ಕೇಳದಿದ್ದವರಿಗೂ ಅವರೇ ಹೇಳುತ್ತಿದ್ದರು. ದೇವರನ್ನು ನಂಬುವುದನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಿಟ್ಟಿದ್ದರು. ಅದರ ಹಿಂದೆ ದೊಡ್ಡದೊಂದು ಕಥೆ ಇರಬೇಕೆಂದು ಜನ ಆಸೆಪಡುತ್ತಿದ್ದರು. ಯಾರೋ ಅಕಾಲದಲ್ಲಿ ತೀರಿಕೊಂಡಿರಬೇಕು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿರಬೇಕು, ಅದೂ ಅಲ್ಲದಿದ್ದರೆ ಹುಡುಗಿಯೊಬ್ಬಳು ಕೈಕೊಟ್ಟಿರಬೇಕು. ಹಾಗೇನೂ ಆಗಿರಲಿಲ್ಲ. ಒಂದು ದಿನ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ತಾನು ನಂಬುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಬಾಯಿ ಮುಕ್ಕಳಿಸಿ ಕಾಲೇಜಿಗೆ ಹೋದರು. ಅಷ್ಟೇ.

ಇಂಥವರು ಧರ್ಮಗ್ರಂಥ ಓದತೊಡಗಿದ್ದಕ್ಕೆ ಕಾರಣ ಒಬ್ಬ ಮೊಳೆ ವ್ಯಾಪಾರಿ. ಅವನ ಅಂಗಡಿಯ ಎರಡು ಕಿಲೋ ತೂಕದ ಬಟ್ಟನ್ನು ಸಾಹೇಬರು ತಿರುಗಿಸಿ ನೋಡಿದಾಗ, ಬುಡದಲ್ಲಿದ್ದ ಸೀಸವನ್ನು ಕೆರೆದು ತೆಗೆದು ಮೇಣ ತುಂಬಿದ್ದು ಗೊತ್ತಾಯಿತು. ಅರವತ್ತು ಗ್ರಾಂ ಕೊರತೆ. ಸಿಕ್ಕಿಬಿದ್ದ ವ್ಯಾಪಾರಿ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, "ಸಣ್ಣ ಕೊರತೆ ಮನ್ನಿಸೋನ ಮನೆ ತುಂಬುತ್ತೆ ಅಂತ ಗ್ರಂಥದಲ್ಲೇ ಬರೆದಿದೆ ಸಾಹೇಬ್ರೇ" ಎಂದ.

"ಎಷ್ಟನೇ ಅಧ್ಯಾಯ?"

"ಅದೆಲ್ಲ ನಂಗೊತ್ತಿಲ್ಲ. ಬರೆದಿದೆ."

ಬರೆದಿದೆ ಎಂದವರ ಮಾತನ್ನು ನಂಬಿ ಮುದ್ರೆ ಒತ್ತುವ ಜಾತಿಯವರಲ್ಲ ಸಾಹೇಬರು. ಅವತ್ತೇ ಸಂಜೆ ಗ್ರಂಥವನ್ನು ಕೊಂಡರು. ಹೊತ್ತಗೆಯ ತೂಕ ಒಂದು ಕಿಲೋ ಮುನ್ನೂರೈವತ್ತು. ಒಂಬತ್ತು ತಿಂಗಳು, ದಿನಾ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದರು. ಆ ವಾಕ್ಯ ಎಲ್ಲೂ ಇರಲಿಲ್ಲ. "ಆರೋಪಿಯು ಉಲ್ಲೇಖಿಸಿದ ಮಾತು ಸದರಿ ಗ್ರಂಥದಲ್ಲಿ ಕಂಡುಬಂದಿಲ್ಲ, ಪೂರ್ತಿ ಪರಿಶೀಲಿಸಲಾಗಿದೆ" ಎಂದು ವರದಿ ಬರೆದು ಮೇಲಧಿಕಾರಿಗಳಿಗೆ ಕಳಿಸಿದರು. ಮೇಲಧಿಕಾರಿಗಳು "ಇದು ಇಲಾಖೆಯ ಕೆಲಸವಲ್ಲ" ಎಂದು ಷರಾ ಬರೆದು ವಾಪಸು ಕಳಿಸಿದರು.

ಕೆಲಸ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಓದುತ್ತ ಓದುತ್ತ ಸಾಹೇಬರ ಕಣ್ಣಿಗೆ ಬೇರೆ ಬೇರೆ ಸಂಗತಿಗಳು ಬಿದ್ದಿದ್ದವು. ಹತ್ತನೆಯ ಅಧ್ಯಾಯದಲ್ಲಿ ಅರಸನಿಗೆ ಮೂವರು ಗಂಡುಮಕ್ಕಳು. ಹದಿನಾಲ್ಕನೆಯದರಲ್ಲಿ ನಾಲ್ಕನೆಯವನೊಬ್ಬ ಬಂದು ಸಿಂಹಾಸನ ಕೇಳುತ್ತಾನೆ. ಇವನೆಲ್ಲಿಂದ ಬಂದ?

"ಮಧ್ಯದಲ್ಲಿ ಹುಟ್ಟಿರಬಹುದು ಬಿಡಿ" ಎಂದಿದ್ದರು ಹೆಂಡತಿ, ಚಹಾ ಲೋಟ ಇಡುತ್ತಾ.

"ಮಧ್ಯದಲ್ಲಿ ಬರೀ ಎರಡು ವರ್ಷ ಇದೆ ಕಣೇ. ಎರಡು ವರ್ಷದ ಕೂಸು ಸಿಂಹಾಸನ ಕೇಳುತ್ತಾ?"

"ನಮ್ಮ ಮಗಳು ಎರಡು ವರ್ಷಕ್ಕೆ ಏನೇನು ಕೇಳ್ತಿದ್ಳು, ಮರೆತುಹೋಯ್ತಾ?"

ಹೆಂಡತಿ ದೇವರನ್ನು ನಂಬುವವರು. ಪ್ರತಿ ಶನಿವಾರ ಸಂಜೆ ಪ್ರಾರ್ಥನಾ ಮಂದಿರಕ್ಕೆ ಹೋಗಿ, ಬರುವಾಗ ತರಕಾರಿ ತರುತ್ತಿದ್ದರು. ಗಂಡನ ನಾಸ್ತಿಕತೆಯನ್ನು ಅವರು ಗಂಡನ ಗೊರಕೆಯ ಸಾಲಿಗೆ ಸೇರಿಸಿದ್ದರು. ಇದೆ, ಏನು ಮಾಡೋದು.

ಸಾಹೇಬರು ಇಲಾಖೆಯ ಮಾದರಿಯಲ್ಲೇ ಒಂದು ದಪ್ಪ ರಿಜಿಸ್ಟರು ಮಾಡಿಕೊಂಡರು. ಕ್ರಮಸಂಖ್ಯೆ, ಸ್ಥಳ, ದೋಷದ ವಿವರ, ಷರಾ ಎಂದು ನಾಲ್ಕು ಅಂಕಣ. ಕೆಂಪು ಪೆನ್ಸಿಲ್ಲು. ಎರಡನೆಯ ಓದು, ಮೂರನೆಯ ಓದು, ಹಳೆಯ ವ್ಯಾಖ್ಯಾನಗಳು, ವ್ಯಾಖ್ಯಾನಗಳ ವ್ಯಾಖ್ಯಾನಗಳು. ಹೀಗೆ ಹದಿನಾಲ್ಕು ವರ್ಷ ಕಳೆದವು, ಆರುನೂರ ಹನ್ನೆರಡು ದೋಷಗಳಾದವು. ಆರು ತಿಂಗಳ ಹಿಂದೆ ಕೊನೆಯ ಅಧ್ಯಾಯದ ಕೊನೆಯ ಸಾಲಿಗೆ ಗೆರೆ ಎಳೆದು, ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದರು.

ಈ ಹದಿನಾಲ್ಕು ವರ್ಷವೂ ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು: ನಂಬದವನು ಓದುವುದೇಕೆ? ಅತ್ತೆ ಒಂದು ಸಲ ಮಗಳ ಮನೆಗೆ ಬಂದವರು, ಅಳಿಯನ ಕೈಯಲ್ಲಿ ಗ್ರಂಥ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂತೂ ಅಳಿಯಂದ್ರು ದಾರಿಗೆ ಬಂದ್ರಲ್ಲ" ಎಂದರು. ಷಡ್ಡಕ ಕಣ್ಣು ಹೊಡೆದು, "ಎದುರಾಳಿ ಮನೆ ನಕಾಶೆ ಗೊತ್ತಿರ್ಬೇಕು ಅಂತಾನಾ ಭಾವಾ?" ಎಂದ. ಕಚೇರಿಯ ಟೈಪಿಸ್ಟ್ ದನಿ ತಗ್ಗಿಸಿ, "ವಯಸ್ಸಾಯ್ತಲ್ಲ ಸಾರ್, ಯಾವುದಕ್ಕೂ ಇರಲಿ ಅಂತಾ?" ಎಂದಳು. ಸಾಹೇಬರು ಅತ್ತೆಗೆ "ಭಾಷೆ ಚೆನ್ನಾಗಿದೆ" ಎಂದರು, ಷಡ್ಡಕನಿಗೆ "ಹೌದು" ಎಂದರು, ಟೈಪಿಸ್ಟಿಗೆ "ಓದಿದರೆ ನಿದ್ದೆ ಚೆನ್ನಾಗಿ ಬರುತ್ತೆ" ಎಂದರು. ಮೂರೂ ಸುಳ್ಳು. ಊರಿನವರ ಪೊಟ್ಟಣದ ಮೇಲಿನ ಸುಳ್ಳು ಚೀಟಿಗಳನ್ನು ಹಿಡಿದು ಸಂಬಳ ಎಣಿಸುವ ಮನುಷ್ಯ ತನ್ನ ಪೊಟ್ಟಣಕ್ಕೆ ಮೂರು ಮೂರು ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದರು.

ನಿಜವಾದ ಕಾರಣ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಯಂತ್ರ ಸುಳ್ಳು ಹೇಳಿದರೆ ಐದು ಲೀಟರಿನ ಅಳತೆಪಾತ್ರೆ ಐದೇ ನಿಮಿಷದಲ್ಲಿ ಅದರ ಬಣ್ಣ ಬಯಲು ಮಾಡುತ್ತಿತ್ತು. ಈ ಪುಸ್ತಕವನ್ನು ಮಾತ್ರ ಎಷ್ಟು ಸುರಿದರೂ ಪಾತ್ರೆ ತುಂಬುತ್ತಿರಲಿಲ್ಲ. ರಿಜಿಸ್ಟರಿನ ಹಿಂಭಾಗದಲ್ಲಿ, ತಲೆಕೆಳಗು ಮಾಡಿ ಹಿಂದಿನಿಂದ ಶುರುಮಾಡಿದ ಕೆಲವು ಪುಟಗಳಿದ್ದವು. ಅವುಗಳ ತಲೆಬರಹ 'ತಪಾಸಣೆ ಬಾಕಿ'. ಅಲ್ಲಿದ್ದ ಹತ್ತೊಂಬತ್ತು ನಮೂದುಗಳ ವಿಷಯ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದು ಸಾಹೇಬರಿಗೆ ಬೇಕೂ ಇರಲಿಲ್ಲ.

ಊರಿನಲ್ಲಿ ವಿಚಾರ ಕೂಟ ಎಂಬುದೊಂದಿತ್ತು. ಸಾಹೇಬರೂ ಸೇರಿ ಏಳು ಜನ ನಾಸ್ತಿಕರು ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ ಸೇರುತ್ತಿದ್ದರು. ಬೇರೆ ಜಾಗ ಇರಲಿಲ್ಲವೆಂದಲ್ಲ, ಇಲ್ಲಿ ಕುರ್ಚಿಗಳಿದ್ದವು. ಹುಳುಕು ಹಲ್ಲಿನ ದೊಡ್ಡ ಚಿತ್ರದ ಕೆಳಗೆ ಕೂತು ದೇವರಿಲ್ಲ ಎಂದು ತೀರ್ಮಾನಿಸಿ, ಚಹಾ ಕುಡಿದು, ಮುಂದಿನ ವಾರ ಮತ್ತೆ ಅದೇ ತೀರ್ಮಾನಕ್ಕೆ ಬರಲು ಸೇರುವುದೆಂದು ಒಪ್ಪಿ ಏಳುತ್ತಿದ್ದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರು ಒಂದು ಮಂಗಳವಾರ ಫೋನು ಮಾಡಿ, "ಈ ಭಾನುವಾರ ನೀವೇ ಮಾತಾಡಿ ಸಾಹೇಬ್ರೇ. ಅರ್ಧ ಗಂಟೆ. ಅದೇನೋ ಪುಸ್ತಕದ ತಪ್ಪುಗಳ ಪಟ್ಟಿ ಮಾಡಿದ್ದೀರಂತಲ್ಲ" ಎಂದರು.

ಸಾಹೇಬರ ಎದೆ ಅಳತೆ ಮೀರಿ ಉಬ್ಬಿತು. ಹದಿನಾಲ್ಕು ವರ್ಷದ ಕೆಲಸವನ್ನು ಕೇಳಲು ಕೊನೆಗೂ ಆರು ಜೊತೆ ಕಿವಿ. ಫೋನು ಕೆಳಗಿಟ್ಟವರೇ ಸ್ಟೂಲು ಹತ್ತಿ ಬೀರುವಿನ ಮೇಲೆ ಕೈಯಾಡಿಸಿದರು. ಕೈಗೆ ಸಿಕ್ಕಿದ್ದು ಸುತ್ತಿದ ಬಟ್ಟೆ ಮಾತ್ರ.

"ಲೇ, ಇಲ್ಲಿದ್ದ ರಿಜಿಸ್ಟರ್ ಎಲ್ಲೇ?"

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಮೂವತ್ತು ವರ್ಷದ ಸಂಸಾರದಲ್ಲಿ ಅದರ ಅರ್ಥ ಸಾಹೇಬರಿಗೆ ಗೊತ್ತಿತ್ತು. ಸ್ಟೂಲಿನ ಮೇಲೆ ನಿಂತೇ ಕಾದರು.

"ಪ್ರವಚನದವರಿಗೆ ಕೊಟ್ಟಿದ್ದೀನಿ" ಎಂದರು ಹೆಂಡತಿ, ಕೈ ಒರೆಸುತ್ತಾ ಬಂದು.

"ಯಾರಿಗೆ?"

"ಮಂದಿರದಲ್ಲಿ ಪ್ರವಚನ ಮಾಡೋರಿಗೆ ರೀ. ನಾಲ್ಕು ತಿಂಗಳಾಯ್ತು. ಆ ಪುಣ್ಯಾತ್ಮ ಅರಸನಿಗೆ ನಾಲ್ವರು ಮಕ್ಕಳು ಅಂದ್ರು. ನಾನು ಆಮೇಲೆ ಹೋಗಿ, ‘ಹತ್ತನೇ ಅಧ್ಯಾಯದಲ್ಲಿ ಮೂವರೇ ಇರೋದು, ನಮ್ಮ ಮನೆಯವರು ಬರೆದಿಟ್ಟಿದ್ದಾರೆ’ ಅಂದೆ. ಕೊಡ್ತೀರಾ ಅಕ್ಕಾ, ಒಂದ್ಸಲ ನೋಡಿ ಕೊಡ್ತೀನಿ ಅಂದ್ರು. ಕೊಟ್ಟೆ."

"ನನ್ನನ್ನ ಒಂದು ಮಾತು ಕೇಳಬಾರದಾ?"

"ಹದಿನಾಲ್ಕು ವರ್ಷ ಬರೆದಿದ್ದೀರಿ. ಒಬ್ಬರಾದ್ರೂ ಓದ್ಲಿ ಅನ್ಸ್ತು. ತಪ್ಪಾ?" ಎಂದ ಹೆಂಡತಿ, ಮುಚ್ಚಿಟ್ಟಿದ್ದನ್ನೂ ಹೊರಗೆ ಹಾಕಿದರು: "ಈಗ ಮಂದಿರದಲ್ಲಿ ಕೂರೋಕೆ ಜಾಗ ಸಿಗ್ತಿಲ್ಲ ಗೊತ್ತಾ? ಮೊದಲು ಪ್ರವಚನ ಶುರುವಾದ ತಕ್ಷಣ ಅರ್ಧ ಜನ ತೂಕಡಿಸ್ತಿದ್ರು. ಈಗ ಅವರು ಪ್ರತಿ ವಾರ, ‘ಕೆಲವರು ಹೀಗೊಂದು ಪ್ರಶ್ನೆ ಕೇಳ್ತಾರೆ’ ಅಂತ ಶುರು ಮಾಡ್ತಾರೆ ನೋಡಿ, ಎಲ್ಲಾ ಎದ್ದು ಕೂತ್ಕೋತಾರೆ. ನಂಗೊತ್ತು, ಆ ಕೆಲವರು ಅಂದ್ರೆ ನೀವೇ."

ಸಾಹೇಬರು ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತರು. ದೇವರ ಮನೆಯ ಗೋಡೆ ಕೆಡವಲು ಹದಿನಾಲ್ಕು ವರ್ಷ ಕೂಡಿಟ್ಟ ಕಲ್ಲುಗಳಿಂದ ಆ ಜನ ಮತ್ತೊಂದು ಮಹಡಿ ಎಬ್ಬಿಸಿದ್ದರು. ಆದರೆ ಅದಕ್ಕಿಂತ ದೊಡ್ಡ ದಿಗಿಲು ಒಂದು ಕ್ಷಣ ತಡವಾಗಿ ಬಂತು. ಹಿಂದಿನ ಪುಟಗಳು. ಆ ಮನುಷ್ಯ ರಿಜಿಸ್ಟರನ್ನು ತಲೆಕೆಳಗು ಮಾಡಿ ನೋಡಿದ್ದರೆ?

ಮರುದಿನ ಮಧ್ಯಾಹ್ನ ಎರಡು ಪೆಟ್ರೋಲ್ ಬಂಕುಗಳ ತಪಾಸಣೆಯನ್ನು ಮುಂದಕ್ಕೆ ಹಾಕಿ ಸಾಹೇಬರು ಮಂದಿರಕ್ಕೆ ಹೋದರು. ಮೂವತ್ತೈದು ವರ್ಷಗಳ ನಂತರ ಆ ಮೆಟ್ಟಿಲು ಹತ್ತುವಾಗ ಯಾರಾದರೂ ನೋಡಿಯಾರೆಂದು ಅತ್ತಿತ್ತ ಕಣ್ಣು ಹಾಯಿಸಿದರು. ಸಾರಾಯಿ ಅಂಗಡಿಗೆ ಹೋಗುವ ಸಂಭಾವಿತರು ಕೂಡ ಅಷ್ಟು ಹೆದರುವುದಿಲ್ಲ. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ರಿಜಿಸ್ಟರು, ರಿಜಿಸ್ಟರಿನ ಮೇಲೆ ಬಾಗಿದ ಪ್ರವಚನಕಾರರು.

ಪ್ರವಚನಕಾರರಿಗೆ ಮೂವತ್ತನಾಲ್ಕೋ ಮೂವತ್ತೈದೋ ವಯಸ್ಸು. ದುಂಡು ಮುಖ, ಒಳ್ಳೆಯ ಕಂಠ. ಈ ಕೆಲಸಕ್ಕೆ ಬರುವ ಮೊದಲು ವಾಷಿಂಗ್ ಮೆಷಿನ್ ಮಾರುತ್ತಿದ್ದರು. ಯಂತ್ರದ ಜೊತೆ ಬರುವ ಪುಸ್ತಕವನ್ನು ಓದದೆಯೇ ಯಂತ್ರವನ್ನು ಮಾರಬಹುದೆಂದು ಅಲ್ಲಿ ಕಲಿತದ್ದು ಇಲ್ಲಿ ಬಹಳ ಉಪಯೋಗಕ್ಕೆ ಬಂದಿತ್ತು. ಸಾಹೇಬರನ್ನು ಕಂಡವರೇ ದಡಬಡ ಎದ್ದು ನಿಂತು ಕೈಮುಗಿದರು.

"ನೀವು... ಅಕ್ಕಾವ್ರ ಯಜಮಾನರಲ್ವಾ ಸಾರ್? ನೀವೇನಾ ಇದನ್ನ ಬರೆದಿದ್ದು? ಅಬ್ಬಾ! ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ. ನಿಮ್ಮಂಥ ಭಕ್ತರನ್ನ ನಾನು ನೋಡೇ ಇಲ್ಲ."

"ನಾನು ಭಕ್ತ ಅಲ್ಲ. ನಾಸ್ತಿಕ. ರಿಜಿಸ್ಟರ್ ವಾಪಸ್ ಕೊಡಿ."

"ಗೊತ್ತು ಸಾರ್, ಅಕ್ಕ ಹೇಳಿದ್ದಾರೆ. ಆದ್ರೆ ಭಕ್ತರು ಯಾರೂ ಇಷ್ಟು ಓದಲ್ಲ ಸಾರ್."

ಸಾಹೇಬರು ಕೂರಲಿಲ್ಲ. ರಿಜಿಸ್ಟರನ್ನು ಎಳೆದುಕೊಂಡರು. ಕೈತಪ್ಪಿ ಬಿದ್ದ ಪಾತ್ರೆ ನೆಗ್ಗಿದೆಯೇ ಎಂದು ನೋಡುವವರಂತೆ ಪುಟ ತಿರುವಿದರು. ಷರಾ ಅಂಕಣದಲ್ಲಿ ತಮ್ಮ ಕೆಂಪು ಅಕ್ಷರಗಳ ಕೆಳಗೆ ಯಾರೋ ನೀಲಿ ಶಾಯಿಯಲ್ಲಿ ಬರೆದಿದ್ದರು. ನಲವತ್ತೊಂದನೆಯ ದೋಷದ ಕೆಳಗೆ: "ದೇವರಿಗೆ ಎಲ್ಲವೂ ಸಾಧ್ಯ." ಐವತ್ತೇಳನೆಯದರ ಕೆಳಗೆ: "ದೇವರಿಗೆ ಎಲ್ಲವೂ ಸಾಧ್ಯ." ಎಂಬತ್ತೆಂಟನೆಯದರ ಕೆಳಗೂ ಅದೇ, ಅಲ್ಲಿ ಮಾತ್ರ ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಇತ್ತು.

"ಏನ್ರೀ ಇದು!" ಸಾಹೇಬರ ದನಿ ಏರಿತು. "ಎಂಬತ್ತೆಂಟಕ್ಕೂ ಇದೇ ಉತ್ತರಾನಾ? ಸೈನಿಕರು ನಲವತ್ತು ಸಾವಿರ, ದಿನಕ್ಕೆ ಅವರಿಗೆ ಒದಗಿಸಿದ ಧಾನ್ಯ ನಾಲ್ಕು ಲಕ್ಷ ಕೊಳಗ. ತಲೆಗೆ ಹತ್ತು ಕೊಳಗ! ಅಷ್ಟು ತಿಂದೋರು ಯುದ್ಧ ಮಾಡೋದಿರಲಿ, ಎದ್ದು ನಿಲ್ಲೋಕಾಗುತ್ತಾ ಅಂತ ನಾನು ಕೇಳಿದ್ರೆ, ನೀವು ದೇವರಿಗೆ ಎಲ್ಲ ಸಾಧ್ಯ ಅಂತೀರಿ. ಜೀರ್ಣ ಆಗಬೇಕಾದ್ದು ದೇವರಿಗಾ, ಸೈನಿಕರಿಗಾ?"

"ಜನ ಚಪ್ಪಾಳೆ ಹೊಡೆದ್ರು ಸಾರ್."

"ಹೊಡೀತಾರೆ! ಹೊಡೆಯೋಕೇನು ಕಷ್ಟ? ಕುದುರೆಗಳಿಲ್ವೇನ್ರೀ ಸೈನ್ಯದಲ್ಲಿ? ಹದಿನೇಳನೇ ಅಧ್ಯಾಯದಲ್ಲಿ ಕುದುರೆಗಳ ಎಣಿಕೆ ಇದೆ. ಓದಿದ್ದೀರಾ?"

"ಇಲ್ಲ ಸಾರ್."

"ಹನ್ನೆರಡು ಸಾವಿರ ಕುದುರೆ. ಜೊತೆಗೆ ಸಾಮಾನು ಹೊರೋ ಕತ್ತೆಗಳು, ಅಡುಗೆಯೋರು, ಅವರ ಹೆಂಡ್ರು ಮಕ್ಕಳು. ಅದನ್ನೆಲ್ಲ ಹಂಚಿ ನೋಡಿ, ತಕ್ಕಮಟ್ಟಿಗೆ ಸರಿಹೋಗುತ್ತೆ. ಪೂರ್ತಿ ಅಲ್ಲ, ಆದ್ರೆ ನಾಚಿಕೆ ಇಲ್ಲದೆ ನಿಂತು ಹೇಳೋ ಅಷ್ಟು ಸರಿಹೋಗುತ್ತೆ. ಬರ್ಕೊಳ್ಳಿ."

ಪ್ರವಚನಕಾರರು ಬರೆದುಕೊಂಡರು. ಸಾಹೇಬರು ಕುರ್ಚಿ ಎಳೆದು ಕೂತರು. ನಲವತ್ತೊಂದನೆಯದಕ್ಕೆ ಹಿಂದಿರುಗಿ ಅದನ್ನೂ ನೇರ ಮಾಡಿಕೊಟ್ಟರು. ಐವತ್ತೇಳಕ್ಕೆ ಹಳೆಯ ವ್ಯಾಖ್ಯಾನವೊಂದರಲ್ಲಿ ಇದ್ದುದರಲ್ಲಿ ಮರ್ಯಾದೆಯ ಉತ್ತರವಿತ್ತು. ಅದರ ಪುಟಸಂಖ್ಯೆಯನ್ನೂ ಹೇಳಿದರು. ಹೊರಗೆ ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಮೂರು ಗಂಟೆ ಕಳೆದ ಮೇಲೆ, ತಾನು ಹದಿನಾಲ್ಕು ವರ್ಷ ಕಷ್ಟಪಟ್ಟು ಕೊರೆದ ತೂತುಗಳನ್ನು ತಾನೇ ಕೂತು ಒಂದೊಂದಾಗಿ ಮುಚ್ಚುತ್ತಿದ್ದೇನೆ ಎಂಬ ಅರಿವು ಸಾಹೇಬರಿಗೆ ಆಯಿತು. ಮುಖಕ್ಕೆ ನೀರು ಚಿಮುಕಿಸಿದಂತೆ ಎದ್ದು ನಿಂತರು.

"ಸಾಕು. ಇದನ್ನ ತಗೊಂಡು ಹೋಗ್ತೀನಿ. ಭಾನುವಾರ ನನ್ನ ಭಾಷಣ ಇದೆ."

ಪ್ರವಚನಕಾರರ ಮುಖ, ಗೋಡೆ ಹತ್ತುತ್ತಿರುವಾಗ ಏಣಿ ಕಳೆದುಕೊಂಡವರ ಮುಖದಂತಾಯಿತು. "ಶನಿವಾರಕ್ಕೆ ನಾನೇನು ಮಾಡ್ಲಿ ಸಾರ್?"

"ಗ್ರಂಥ ಓದಿ."

"ಅದು ಬಹಳ ದೊಡ್ಡದಿದೆ ಸಾರ್" ಎಂದರು ಪ್ರವಚನಕಾರರು, ಮನಸ್ಸಿನಲ್ಲಿದ್ದುದನ್ನು ಮುಚ್ಚಿಡದೆ. ಆಮೇಲೆ ತಲೆ ತಗ್ಗಿಸಿ, "ಹಿಂದಿನ ಪುಟಗಳು... ಅದಕ್ಕೆ ನಾನು ಏನೂ ಬರೆದಿಲ್ಲ ಸಾರ್. ಅಲ್ಲಿ ಏನು ಬರೀಬೇಕು ಅಂತ ಗೊತ್ತಾಗ್ಲಿಲ್ಲ" ಎಂದರು.

ಸಾಹೇಬರ ಕಿವಿ ಕೆಂಪಾಯಿತು. "ಅದು ಕಚೇರಿ ಟಿಪ್ಪಣಿ" ಎಂದು ಹೇಳಿ, ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದರು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಿಜಿಸ್ಟರಿನಲ್ಲಿ ಇಪ್ಪತ್ತೈದು ಚೀಟಿ ಸಿಕ್ಕಿಸಿಕೊಂಡು ಕ್ಲಿನಿಕ್ಕಿಗೆ ಹೋದರು. ಆರು ಸದಸ್ಯರೂ ಬಂದಿದ್ದರು. ಸಾಹೇಬರು ನೀರು ಕುಡಿದು, ಗಂಟಲು ಸರಿಪಡಿಸಿಕೊಂಡು, ಮೊದಲನೆಯ ದೋಷದಿಂದ ಶುರು ಮಾಡಿದರು. ನಾಲ್ಕನೆಯ ದೋಷಕ್ಕೆ ಬರುವಷ್ಟರಲ್ಲಿ ಒಬ್ಬ ಸದಸ್ಯರು ಗಡಿಯಾರ ನೋಡಿದರು. ಆರನೆಯದಕ್ಕೆ ಇನ್ನೊಬ್ಬರು ಹುಳುಕು ಹಲ್ಲಿನ ಚಿತ್ರವನ್ನು ಆಸಕ್ತಿಯಿಂದ ಓದತೊಡಗಿದರು. ಒಂಬತ್ತನೆಯದಕ್ಕೆ ಹಲ್ಲಿನ ಡಾಕ್ಟರು ಕೈಯೆತ್ತಿದರು.

"ಸಾಹೇಬ್ರೇ, ತಪ್ಪು ತಿಳೀಬೇಡಿ. ಇಷ್ಟೆಲ್ಲ ಯಾಕೆ? ಅದು ಸುಳ್ಳು ಅಂತ ನಮಗೆ ಗೊತ್ತಿದೆಯಲ್ಲ."

"ಹೇಗೆ ಗೊತ್ತು?"

"ಹೇಗೆ ಅಂದ್ರೆ? ನಾನು ನಲವತ್ತು ವರ್ಷದಿಂದ ನಾಸ್ತಿಕ. ಒಂದು ಪುಟ ಮುಟ್ಟಿಲ್ಲ. ನಂಗೇನಾದ್ರೂ ತೊಂದರೆ ಆಗಿದೆಯಾ?"

"ಎಕ್ಸ್-ರೇ ತೆಗೆಯದೆ ಹಲ್ಲು ಕೀಳ್ತೀರಾ ಡಾಕ್ಟ್ರೇ?"

"ಅದು ಬೇರೆ ರೀ. ಅದು ಹಲ್ಲು."

ಎಲ್ಲರೂ ನಕ್ಕರು. ಡಾಕ್ಟರು ಸಲುಗೆಯಿಂದ ಸಾಹೇಬರ ಕೈಯಿಂದ ರಿಜಿಸ್ಟರು ತೆಗೆದುಕೊಂಡು, "ನೋಡೋಣ, ಬೇಗ ಮುಗಿಸೋಣ, ಕೊನೆ ತೀರ್ಮಾನ ಏನು ಬರೆದಿದ್ದೀರಿ?" ಎನ್ನುತ್ತ ಹಿಂದಿನಿಂದ ತೆರೆದರು. ಸಾಹೇಬರು ಕೈ ಚಾಚಿದರು, ಕೈ ತಲುಪಲಿಲ್ಲ. ಡಾಕ್ಟರು ಕನ್ನಡಕ ಏರಿಸಿಕೊಂಡು ದೊಡ್ಡ ದನಿಯಲ್ಲಿ ಓದಿದರು.

"ತಪಾಸಣೆ ಬಾಕಿ. ಹನ್ನೊಂದು. ಸೋತ ಅರಸನ ತಾಯಿ, ಸವಾರನಿಲ್ಲದೆ ಮನೆಗೆ ಬಂದ ಮಗನ ಕುದುರೆಗೆ ಮೊದಲು ನೀರು ಕುಡಿಸಿದಳು. ಆಮೇಲೆ ಅತ್ತಳು. ಷರಾ: ಮೂರು ಸಲ ನೋಡಿದೆ. ತಪ್ಪು ಸಿಗಲಿಲ್ಲ." ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಏನ್ರೀ ಸಾಹೇಬ್ರೇ ಇದು? ಗುಟ್ಟಾಗಿ ಭಕ್ತಿ ಶುರುವಾಯ್ತಾ?"

ಮತ್ತೆ ನಗು. ಈ ಸಲ ಅದರಲ್ಲಿ ಸಲುಗೆ ಕಡಿಮೆಯಿತ್ತು. ಸಾಹೇಬರು ಮೂವತ್ತು ವರ್ಷ ಅಂಗಡಿಗಳಲ್ಲಿ ಸಿಕ್ಕಿಬಿದ್ದವರ ಮುಖ ನೋಡಿದ್ದರು. ಆ ಮುಖ ಒಳಗಿನಿಂದ ಹೇಗಿರುತ್ತದೆಂದು ಇವತ್ತು ಗೊತ್ತಾಯಿತು.

"ಭಕ್ತಿ ಅಲ್ಲ ಡಾಕ್ಟ್ರೇ. ಬಾಕಿ. ಬಾಕಿ ಅಂದ್ರೆ ಮುದ್ರೆ ಒತ್ತಿಲ್ಲ, ಜಪ್ತಿನೂ ಮಾಡಿಲ್ಲ. ದೇವರಿಲ್ಲ ಅನ್ನೋದರಲ್ಲಿ ನಂಗೆ ನಿಮಗಿಂತ ಒಂದು ಗುಲಗಂಜಿ ಅನುಮಾನ ಜಾಸ್ತಿ ಇಲ್ಲ. ಆದ್ರೆ ಈ ಹೆಂಗಸು ಇದ್ದಾಳೆ. ಇದನ್ನ ಬರೆದೋನಿಗೆ ಇಂಥ ತಾಯಿ ಗೊತ್ತಿದ್ಳು. ಅವನು ಹೇಗೆ ಗೊತ್ತುಮಾಡ್ಕೊಂಡ ಅಂತ ನಂಗೆ ತಿಳೀಬೇಕು. ಅದಕ್ಕೇ ಓದ್ತೀನಿ."

ಇಷ್ಟು ವರ್ಷ ಯಾರಿಗೂ ಹೇಳದಿದ್ದ ಕಾರಣ ಹಲ್ಲಿನ ಆಸ್ಪತ್ರೆಯಲ್ಲಿ ಬಾಯಿಂದ ಹೊರಬಿದ್ದದ್ದಕ್ಕೆ ಅವರಿಗೇ ಅಚ್ಚರಿಯಾಯಿತು. ನೋವಾಗುತ್ತದೆಂದು ಹೆದರಿದ್ದರು, ಅಂಥ ನೋವೇನೂ ಆಗಲಿಲ್ಲ.

"ಆ ಪುಟಗಳನ್ನ ಹರಿದುಬಿಡಿ" ಎಂದರು ಡಾಕ್ಟರು, ಗಂಭೀರವಾಗಿ. "ನಾಳೆ ಯಾರ ಕೈಗಾದ್ರೂ ಸಿಕ್ಕಿದ್ರೆ ಕೂಟದ ಮಾನ ಏನಾಗಬೇಕು?"

"ನೀವೇ ಒಂದ್ಸಲ ಆ ಅಧ್ಯಾಯ ಪೂರ್ತಿ ಓದಿ, ತಪ್ಪು ತೋರಿಸಿ. ಈಗಲೇ ಹರೀತೀನಿ."

"ನಾನು ಓದಲ್ಲ. ಅದು ನನ್ನ ತತ್ವ."

ಇದಕ್ಕೆ ಮೇಲ್ಮನವಿ ಇರಲಿಲ್ಲ. ಕೂಟವು ಚಹಾ ಕುಡಿಯುತ್ತ ಚರ್ಚಿಸಿ, 'ಬಾಕಿ' ತೀರುವವರೆಗೆ ತೂಕದ ಸಾಹೇಬರು ರಜೆಯಲ್ಲಿರುವುದು ಒಳ್ಳೆಯದೆಂದು ಒಮ್ಮತದಿಂದ ತೀರ್ಮಾನಿಸಿತು. ದೇವರಿಲ್ಲ ಎಂಬ ತೀರ್ಮಾನ ಬಿಟ್ಟರೆ ಅವರು ಆವರೆಗೆ ಕೈಗೊಂಡ ಒಂದೇ ಒಂದು ತೀರ್ಮಾನ ಅದು. ಸಾಹೇಬರು ರಿಜಿಸ್ಟರು ಎತ್ತಿಕೊಂಡು, ಇಪ್ಪತ್ತೈದು ಚೀಟಿಗಳಲ್ಲಿ ಹದಿನಾರು ಹಾಗೇ ಉಳಿದಿರುವುದನ್ನು ನೋಡಿಕೊಂಡು ಹೊರಬಿದ್ದರು.

ಮನೆಯಲ್ಲಿ ಹೆಂಡತಿ, "ಹೇಗಾಯ್ತು ರೀ?" ಎಂದರು.

"ಒಂಬತ್ತನೆಯದಕ್ಕೇ ಮುಗೀತು."

"ಅಯ್ಯೋ! ಪ್ರವಚನದವರು ಒಂದು ದೋಷಕ್ಕೇ ಒಂದು ಗಂಟೆ ಎಳೀತಾರಲ್ಲ!"

ಸಾಹೇಬರು ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಬೀರುವಿನ ಮೇಲಿಟ್ಟರು. ಎರಡು ದಿನ ಬಿಸ್ಕತ್ತನ್ನು ತೂಕ ಮಾಡದೆ ತಿಂದರು. ಹೆಂಡತಿಗೆ ಗಾಬರಿಯಾಗಿ, "ಹುಷಾರಿದ್ದೀರಾ?" ಎಂದು ಹಣೆ ಮುಟ್ಟಿ ನೋಡಿದರು.

ಬುಧವಾರ ನಾಲ್ಕು ಗಂಟೆಗೆ ಸಾಹೇಬರು ಮತ್ತೆ ಮಂದಿರದ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಪ್ರವಚನಕಾರರು ಕೈಮುಗಿಯುವ ಮೊದಲೇ ಷರತ್ತುಗಳನ್ನು ಒಪ್ಪಿಸಿದರು. "ನಾನು ಕೈಮುಗಿಯಲ್ಲ. ನನ್ನ ಹೆಸರು ಎಲ್ಲೂ ಹೇಳಕೂಡದು. ನಾನು ಬದಲಾಗಿದ್ದೀನಿ ಅಂತ ಯಾರಿಗಾದ್ರೂ ಹೇಳಿದ್ರೆ ಅವತ್ತೇ ಕೊನೆ. ಮತ್ತೆ, ರಿಜಿಸ್ಟರ್ ನಿಮ್ಮ ಕೈಗೆ ಕೊಡಲ್ಲ. ಮೊದಲು ಗ್ರಂಥ ಓದ್ಬೇಕು. ನನ್ನೆದುರಿಗೆ, ಜೋರಾಗಿ, ಬೆರಳಿಟ್ಟುಕೊಂಡು."

"ಮೊದಲಿಂದಾನಾ ಸಾರ್?"

"ಮತ್ತೆಲ್ಲಿಂದ?"

ಪ್ರವಚನಕಾರರು ನಿಟ್ಟುಸಿರು ಬಿಟ್ಟು, ಕಪಾಟಿನಿಂದ ಗ್ರಂಥ ಇಳಿಸಿ, ಅದರ ಮೇಲಿನ ಧೂಳನ್ನು ಸಾಹೇಬರಿಗೆ ಕಾಣದಂತೆ ಒರೆಸಿ, ಮೊದಲ ಅಧ್ಯಾಯ ತೆಗೆದರು. ಕಂಠವೇನೋ ಚೆನ್ನಾಗಿತ್ತು. ಆದರೆ ಪದ ಪದಕ್ಕೂ ಎಡವುತ್ತಿದ್ದರು. ಮೂಲಪುರುಷ ಮನೆ ಬಿಟ್ಟು ಹೊರಟ; ನದಿಯ ದಂಡೆಗೆ ಬಂದ; ಸಿಟ್ಟಿನಿಂದ ತನ್ನ ಕೋಲನ್ನು ಮುರಿದು ನೀರಿಗೆಸೆದ. ಬೆರಳು ಸಾಲಿನಿಂದ ಸಾಲಿಗೆ ಇರುವೆಯಂತೆ ಹರಿಯಿತು. ಸಾಹೇಬರು ಕಣ್ಣು ಮುಚ್ಚಿ ಕೂತಿದ್ದರು. ಆ ಅಧ್ಯಾಯ ಅವರಿಗೆ ಬಾಯಿಪಾಠ. ಅದರಲ್ಲಿ ನದಿಯ ಅಗಲದ ವಿಷಯದಲ್ಲಿ ಒಂದು ದೋಷ, ದಾರಿಯ ದೂರದಲ್ಲಿ ಇನ್ನೊಂದು, ಎರಡೇ.

ಮೂವತ್ತೊಂದನೆಯ ಸಾಲಿನಲ್ಲಿ ಓದು ನಿಂತಿತು.

"ಯಾಕೆ ನಿಲ್ಲಿಸಿದ್ರಿ?"

"ಸಾರ್... ಇಲ್ಲಿ, ‘ರಾತ್ರಿಯೆಲ್ಲ ದಂಡೆಯಲ್ಲೇ ಕೂತಿದ್ದು, ಬೆಳಗಾಗುತ್ತಲೇ ತನ್ನ ಕೋಲನ್ನೂರಿ ಎದ್ದು ನಿಂತನು’ ಅಂತಿದೆ."

"ಹೂಂ. ಇದೆ. ಮುಂದೆ?"

"ಕೋಲು ಆಗಲೇ ಮುರಿದು ನೀರಿಗೆ ಎಸೆದಾಯ್ತಲ್ಲ ಸಾರ್?"

ಸಾಹೇಬರು ಕಣ್ಣು ಬಿಟ್ಟರು. ಗ್ರಂಥವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಒಂಬತ್ತನೆಯ ಸಾಲು ನೋಡಿದರು, ಮೂವತ್ತೊಂದು ನೋಡಿದರು. ಮಧ್ಯದ ಇಪ್ಪತ್ತೊಂದು ಸಾಲುಗಳಲ್ಲಿ ಇನ್ನೊಂದು ಕೋಲು ಎಲ್ಲಾದರೂ ಅಡಗಿದೆಯೇ ಎಂದು ಬೆರಳಿಟ್ಟು ಹುಡುಕಿದರು. ಇರಲಿಲ್ಲ. ರಿಜಿಸ್ಟರಿನ ಮೊದಲ ಪುಟ ತೆಗೆದರು. ನದಿಯ ಅಗಲವಿತ್ತು, ದಾರಿಯ ದೂರವಿತ್ತು. ಕೋಲು ಇರಲಿಲ್ಲ. ಹದಿನಾಲ್ಕು ವರ್ಷ, ಏಳು ಸಲ ಓದು. ಅಳತೆಗೆ ಸಿಗುವುದನ್ನೆಲ್ಲ ಹಿಡಿಯುವ ಭರದಲ್ಲಿ ಎದುರಿಗಿದ್ದ ಕೋಲನ್ನು ಬಿಟ್ಟಿದ್ದರು. ಅದನ್ನು ಹಿಡಿದವರು ವಾಷಿಂಗ್ ಮೆಷಿನ್ ಮಾರುತ್ತಿದ್ದ ಈ ಮಹಾಶಯರು.

ಸಾಹೇಬರು ಕೆಂಪು ಪೆನ್ಸಿಲ್ಲಿನ ತುದಿ ಚೂಪು ಮಾಡಿಕೊಂಡು, ಆರುನೂರ ಹದಿಮೂರು ಎಂದು ಬರೆದು, ಷರಾ ಅಂಕಣದಲ್ಲಿ, ಹಲ್ಲು ಕಚ್ಚಿಕೊಂಡು, ಪತ್ತೆ ಹಚ್ಚಿದವರು: ಪ್ರವಚನಕಾರರು ಎಂದು ದಾಖಲಿಸಿದರು.

ಪ್ರವಚನಕಾರರ ಮುಖ ಮೊದಲ ಬಹುಮಾನ ಬಂದವರಂತೆ ಹಿಗ್ಗಿತು. ಕುರ್ಚಿಯಿಂದ ಅರ್ಧ ಎದ್ದು, ತಮ್ಮ ಬಗೆಗಿನ ಸಾಲನ್ನು ಎರಡು ಸಲ ಓದಿಕೊಂಡರು. ಹಿಗ್ಗಿದ ಮುಖ ಆಮೇಲೆ ನಿಧಾನವಾಗಿ ಕುಗ್ಗಿತು. ಬೆರಳು ಇನ್ನೂ ಮೂವತ್ತೊಂದನೆಯ ಸಾಲಿನ ಮೇಲೇ ಇತ್ತು.

"ಸಾರ್, ಹಾಗಾದ್ರೆ ಇದಕ್ಕೆ ಉತ್ತರ ಏನು?"

"ನನ್ನನ್ನೇನು ಕೇಳ್ತೀರಿ?" ಎಂದರು ಸಾಹೇಬರು. "ದೇವರು ನಿಮ್ಮೋರು."